ಎಡಗಡೆಯ ಪುಸ್ತಕ

ಮೇಜಿನ ಮೇಲೆ ಮೂರು ಹಾಡಿನ ಪುಸ್ತಕಗಳಿದ್ದವು. ಮೂರಕ್ಕೂ ಒಂದೇ ಕರಿ ರಟ್ಟು, ಒಂದೇ ಅಳತೆ, ಅಡ್ಡಲಾಗಿ ಕಟ್ಟಿದ ಒಂದೇ ಬಿಳಿ ದಾರ. ಅವುಗಳಲ್ಲಿ ಒಂದರೊಳಗೆ ಸತ್ಯವೇದದ ವಾಕ್ಯ ಬರೆದ ಚೀಟಿಯಿತ್ತು. ಅದು ಯಾರ ಕೈಗೆ ಬರುತ್ತದೋ ಅವನೇ ಈ ಸಭೆಯ ಬೋಧಕ, ಸಾಯುವ ತನಕ. ಸಂಬಳವಿಲ್ಲ, ನನ್ನಿಂದಾಗದು ಎನ್ನುವ ಹಾಗೂ ಇಲ್ಲ.

ವಯಸ್ಸಿನಲ್ಲಿ ಹಿರಿಯನಾದ ಪ್ಲಂಬರ್ ಮೊದಲು ಎದ್ದ. ನಲ್ಲಿ ಸೋರುತ್ತಿದೆಯೆಂದು ಕರೆದವರ ಮನೆಗೆ ಹೋದಂತೆ ನೇರವಾಗಿ ಹೋಗಿ, ಬಲಗಡೆಯದನ್ನು ಎತ್ತಿಕೊಂಡು ಬಂದು ಕೂತ. ಉಳಿದದ್ದು ಎರಡು ಪುಸ್ತಕ, ಇಬ್ಬರು ಗಂಡಸರು: ಬೈಂಡರ್ ಮತ್ತು ಬೇಕರಿಯವನು.

ಸಭೆ ಎಂದರೆ ದೊಡ್ಡದೇನಲ್ಲ. ಉಗ್ರಾಣದ ಮೇಲಿನ ಒಂದು ಉದ್ದ ಕೋಣೆ, ಹನ್ನೆರಡು ಬೆಂಚು, ಇಪ್ಪತ್ತಾರು ಜನ. ಗಂಡಸರು ಒಂದು ಕಡೆ, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಇನ್ನೊಂದು ಕಡೆ. ವಾದ್ಯವಿಲ್ಲ, ಗೋಡೆಯ ಮೇಲೆ ಶಿಲುಬೆಯಿಲ್ಲ, ಚಿತ್ರವಿಲ್ಲ. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಹಿಂದಕ್ಕೆ ತಿರುಗಿ, ತಾವು ಕೂತಿದ್ದ ಬೆಂಚಿಗೇ ಮುಖವಿಟ್ಟು ಮಂಡಿಯೂರುತ್ತಾರೆ. ಹಾಗಾಗಿ ಯಾರು ಅಳುತ್ತಾರೆ, ಯಾರು ತೂಕಡಿಸುತ್ತಾರೆ ಎಂಬುದು ದೇವರಿಗಷ್ಟೇ ಗೊತ್ತು.

ಹಿಂದಿನ ಬೋಧಕರು ಗಡಿಯಾರ ರಿಪೇರಿಯವರು. ಊರಿಗೆಲ್ಲ ಸಮಯ ಸರಿಮಾಡಿ ಕೊಡುತ್ತಿದ್ದ ಆ ಮನುಷ್ಯ ಭಾನುವಾರದ ಒಂದು ಪ್ರಸಂಗವನ್ನೂ ಹೊತ್ತಿಗೆ ಸರಿಯಾಗಿ ಮುಗಿಸಿದವರಲ್ಲ. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಬೇರೆ ಸಭೆಯಿಂದ ಬಂದ ಹಿರಿಯರೊಬ್ಬರು ಪಕ್ಕದ ಕೋಣೆಯಲ್ಲಿ ಕೂತು, ಒಬ್ಬೊಬ್ಬರನ್ನೇ ಒಳಗೆ ಕರೆದು, ಕಿವಿಯಲ್ಲಿ ಒಂದು ಹೆಸರು ಹೇಳಿಸಿಕೊಂಡಿದ್ದರು. ಹೆಚ್ಚು ಸಲ ಕಿವಿಗೆ ಬಿದ್ದ ಹೆಸರುಗಳು ಈ ಮೂರು. ಅಲ್ಲಿಂದ ಮುಂದಿನದು ಮನುಷ್ಯರ ಕೆಲಸವಲ್ಲ, ಆರಿಸುವವನು ಕರ್ತನು. ಇದರಲ್ಲಿ ಸಭೆಯವರಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಇನ್ನೊಂದು ನಂಬಿಕೆಯೂ ಇತ್ತು. ಬೋಧಕನಾಗಬೇಕೆಂದು ಆಸೆಪಡುವವನು ಅದಕ್ಕೆ ತಕ್ಕವನಲ್ಲ. ಬೈಂಡರ್ ಹತ್ತು ವರ್ಷದಿಂದ ಆಸೆಪಡುತ್ತಿದ್ದ. ಬೆಳಿಗ್ಗೆ ಅಂಗಡಿ ತೆರೆದು, ಒಲೆಯ ಮೇಲೆ ಅಂಟು ಕಾಯುವಷ್ಟರಲ್ಲಿ, ಕಾಗದ ಕತ್ತರಿಸುವ ಮಿಷಿನ್ನಿನ ಮುಂದೆ ನಿಂತು ಪ್ರಸಂಗ ಮಾಡುತ್ತಿದ್ದ. ನೂರರಲ್ಲಿ ಕಳೆದುಹೋದ ಒಂದು ಕುರಿಯ ಮೇಲಿನದಂತೂ ಅವನಿಗೆ ಬಾಯಿಪಾಠ. ಮಿಷಿನ್ನು ಒಂದು ದಿನವೂ ತೂಕಡಿಸಿರಲಿಲ್ಲ. ಗೋಡೆಯಾಚೆ ಹೆಂಡತಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ಕೇಳಿಸದವಳಂತೆ ಇರುತ್ತಿದ್ದಳು.

ಅವನು ಎದ್ದು ಹೋಗಿ ಎಡಗಡೆಯ ಪುಸ್ತಕದ ಮೇಲೆ ಕೈಯಿಟ್ಟ. ಹೆಬ್ಬೆರಳು ತನ್ನ ಪಾಡಿಗೆ ತಾನು ಹಾಳೆಗಳ ಅಂಚಿನ ಮೇಲೆ ಓಡಿತು. ಯಾವ ಪುಸ್ತಕ ಮುಟ್ಟಿದರೂ ಹಾಗೆ ಓಡುತ್ತದೆ, ಮೂವತ್ತು ವರ್ಷದ ಚಾಳಿ. ಸಭೆಯ ನಲವತ್ತು ಹಾಡಿನ ಪುಸ್ತಕಗಳನ್ನೂ ಹೊಲಿದು, ಅಂಟಿಸಿ, ರಟ್ಟು ಹಾಕಿದವನು ಅವನೇ. ನಡುವೆ ಒಂದು ಹಾಳೆ ಹೆಚ್ಚಾದರೂ ಆ ಬೆರಳಿಗೆ ಗೊತ್ತಾಗುತ್ತದೆ. ಗೊತ್ತಾಯಿತು. ಹೀಗೂ ಆಗಬಹುದೆಂದು ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಗಳಿಗೆಯ ತನಕ ಅವನಿಗೂ ಹೊಳೆದಿರಲಿಲ್ಲ.

ಎತ್ತಿಕೊಂಡರೆ ಬೇಕಾದದ್ದು ಸಿಗುತ್ತದೆ. ಆದರೆ ಕೊಟ್ಟವನು ಕರ್ತನೋ ತನ್ನ ಹೆಬ್ಬೆರಳೋ ಎಂದು ಸಾಯುವ ತನಕ ಕೇಳಿಕೊಳ್ಳುತ್ತಿರಬೇಕು. ಅವನಿಗೆ ಹೆದರಿಕೆಯಾಯಿತು, ಆಸೆಯೂ ಅಷ್ಟೇ ಇತ್ತು. ಹಿಂದೆ ಯಾರೋ ಕೆಮ್ಮಿದರು. ಅವನು ಕೈ ತೆಗೆದು ನಡುವಿನ ಪುಸ್ತಕ ಎತ್ತಿಕೊಂಡ.

ಬೇಕರಿಯವನಿಗೆ ಆರಿಸಲು ಏನೂ ಉಳಿದಿರಲಿಲ್ಲ. ಅವನಿಗೆ ಮಾತು ತಡೆಯುತ್ತದೆ, ಅದರಲ್ಲೂ ‘ಕ’ ಬಂದರೆ ಮುಗಿಯಿತು. ಅಂಗಡಿಯಲ್ಲಿ ಗಿರಾಕಿಗಳು ಬೆರಳು ಮಾಡಿ ತೋರಿಸುತ್ತಾರೆ, ಅವನು ತಲೆಯಾಡಿಸಿ ಕಟ್ಟಿಕೊಡುತ್ತಾನೆ. ಬದುಕು ಹಾಗೇ ನಡೆದುಬಂದಿತ್ತು. ಹಿರಿಯರು ದಾರ ಬಿಚ್ಚಿ ಒಂದೊಂದೇ ಪುಸ್ತಕ ಬಿಡಿಸಿದರು. ಮೂರನೆಯದರಿಂದ ಚೀಟಿ ನೆಲಕ್ಕೆ ಬಿತ್ತು. ಹಿರಿಯರು ಬೇಕರಿಯವನನ್ನು ಎಬ್ಬಿಸಿ ಕೆನ್ನೆಗೆ ಮುತ್ತಿಟ್ಟರು.

ಮನೆಗೆ ಹೋಗುವಾಗ ದಾರಿಯಲ್ಲಿ ಬೈಂಡರನ ಹೆಂಡತಿ ಕೇಳಿದಳು: “ಬೇಜಾರಾಯ್ತಾ?”

“ಬೇಜಾರ್ಯಾಕೆ? ಕರ್ತನ ಚಿತ್ತ.”

“ಅದನ್ನ ನಾಳೆ ಬೆಳಿಗ್ಗೆ ನಿಮ್ಮ ಮಿಷಿನ್ನಿಗೆ ಹೇಳಿ,” ಎಂದಳು.

ಮುಂದಿನ ಭಾನುವಾರ ಬೇಕರಿಯವನು ಎದ್ದು ನಿಂತ. ಮೊದಲ ಪದವೇ ‘ಕರ್ತನು’. ಅದು ಹೊರಬರಲು ಒಂದು ನಿಮಿಷ ಹಿಡಿಯಿತು. ಹೆಂಗಸರು ತಮ್ಮ ಮಡಿಲು ನೋಡಿಕೊಂಡರು. ಪ್ಲಂಬರ್ ಕಿಟಕಿ ನೋಡಿದ. ಯಾರೂ ಅಲುಗಾಡಲಿಲ್ಲ. ಆರೇಳು ವಾಕ್ಯದಲ್ಲಿ ಪ್ರಸಂಗ ಮುಗಿದು, ಬೆವರು ಒರೆಸಿಕೊಂಡು ಅವನು ಕೂತ. ಬೈಂಡರ್ ಅಷ್ಟು ಹೊತ್ತೂ ತಲೆಯೆತ್ತಲಿಲ್ಲ.

“ಗಡಿಯಾರದವರದ್ದು ಗಂಟೆಗಟ್ಲೆ ಕೇಳಿ, ಮೆಟ್ಟಿಲು ಇಳಿಯೋಷ್ಟ್ರಲ್ಲಿ ಮರೀತಿದ್ದೆ,” ಎಂದು ಒಬ್ಬ ಅಜ್ಜಿ ಮೆಟ್ಟಿಲಿಳಿಯುತ್ತ ಹೇಳಿದಳು. “ಇವನು ಹೇಳಿದ್ದು ಪೂರ್ತಿ ನೆನಪಿದೆ.”

“ಇದ್ದದ್ದೇ ಅಷ್ಟು,” ಎಂದ ಪ್ಲಂಬರ್.

ಮಂಗಳವಾರ ಮಧ್ಯಾಹ್ನ ಬೇಕರಿಯವನು ಬೈಂಡರನ ಅಂಗಡಿಗೆ ಬಂದ. ಆ ವಾರ ಅವನ ಒಲೆಯಲ್ಲಿ ಎರಡು ಸಲ ಬ್ರೆಡ್ ಸೀದಿತ್ತು. ಅಂಗಿಯಿಂದ ಇನ್ನೂ ಆ ವಾಸನೆ ಬರುತ್ತಿತ್ತು. ಕಂಕುಳಲ್ಲಿ ಸತ್ಯವೇದ, ಕೈಯಲ್ಲಿ ಚೀಟಿ.

“ಇ-ಇದನ್ನ ಮೊದಲ ಹಾಳೆಗೆ ಅಂಟಿಸಿಡಬೇಕಂತೆ. ಪದ್ಧತಿಯಂತೆ.”

ಬೈಂಡರ್ ಚೀಟಿಯನ್ನು ಬೆರಳ ನಡುವೆ ಹಿಡಿದು ನೋಡಿದ. ತೆಳು ಕಾಗದ. ಅಂಟಿನ ಬ್ರಷ್ಷು ಕೈಗೆತ್ತಿಕೊಂಡವನು ಹಾಗೇ ನಿಂತ.

“ಕೂತ್ಕೋ, ಒಂದು ವಿಷಯ ಹೇಳ್ಬೇಕು. ಇದು ಯಾವುದರಲ್ಲಿ ಇತ್ತು ಅಂತ ನಂಗೆ ಗೊತ್ತಾಗಿತ್ತು.”

ಬೇಕರಿಯವನಿಗೆ ಅರ್ಥವಾಗಲಿಲ್ಲ. ಬೈಂಡರ್ ಬ್ರಷ್ಷು ಬದಿಗಿಟ್ಟು, ಅವನ ಸತ್ಯವೇದವನ್ನು ತೆಗೆದುಕೊಂಡು, ನಡುವೆ ಚೀಟಿಯಿಟ್ಟು ಮುಚ್ಚಿ, ಅಂಚಿನ ಮೇಲೆ ಹೆಬ್ಬೆರಳು ಓಡಿಸಿ ಅದೇ ಜಾಗದಲ್ಲಿ ನಿಲ್ಲಿಸಿದ.

“ಗೊತ್ತಿದ್ದೂ ಬಿ-ಬಿಟ್ಯಾ?”

“ಬಿಟ್ಟೆ.”

“ಬೇಡ ಅಂತಾನಾ?”

“ಬೇಕು ಅಂತ. ತುಂಬಾ ಬೇಕಾಗಿತ್ತು. ಅದಕ್ಕೇ ಬಿಟ್ಟೆ.”

ಬೇಕರಿಯವನು ಆ ಹೆಬ್ಬೆರಳನ್ನೇ ನೋಡಿದ. “ಹಾಗಾದ್ರೆ ನನ್ನ ಆರಿಸಿದ್ದು ಕ... ಕ...” ಎಂದು ತಡೆದು, ದಾರಿ ಬದಲಿಸಿದ. “ದೇವರಲ್ಲ. ನೀನು.”

ಆಸೆಯನ್ನು ಗೆದ್ದೆನೆಂದು ಅಂದಿನಿಂದ ಒಳಗೊಳಗೇ ಬೀಗುತ್ತಿದ್ದ ಬೈಂಡರನಿಗೆ ಈಗ ನಾಚಿಕೆಯಾಯಿತು.

“ಹಿರಿಯರಿಗೆ ನಾನೇ ಹೇಳ್ತೀನಿ. ಇವತ್ತೇ ಹೇಳ್ತೀನಿ. ಇನ್ನೊಂದ್ಸಲ ಚೀಟಿ ಹಾಕ್ಲಿ. ನಿಂಗೆ ಬರದೇ ಇರಬಹುದು.”

ಬೇಕರಿಯವನು ಎದ್ದು ಬಾಗಿಲ ತನಕ ಹೋದ. ಬೀದಿಯಲ್ಲಿ ಒಬ್ಬಳು ಏಣಿ ಹಾಕಿ ಕಿಟಕಿ ಒರೆಸುತ್ತಿದ್ದಳು. ಅದನ್ನು ನೋಡುತ್ತ, ಬೆನ್ನು ತೋರಿಸಿಕೊಂಡೇ ಮಾತಾಡಿದ.

“ನಂಗೆ ನಲವತ್ತೆಂಟು ವರ್ಷ. ನಾನು ಮಾತು ಮುಗಿಸೋ ತನಕ ಯಾರೂ ಕಾ... ಕಾದವರಿಲ್ಲ. ಅರ್ಧದಲ್ಲೇ ಅವರೇ ಹೇಳಿಬಿಡ್ತಾರೆ. ಪಾಪ ಅಂತ. ನನ್ನ ಹೆಂಡ್ತೀನೂ ಅಷ್ಟೇ.” ಉಸಿರು ತೆಗೆದುಕೊಂಡ. “ಭಾನುವಾರ ಇಪ್ಪತ್ತೈದು ಜನ ಕಾ-ಕಾದ್ರು.”

ಬೈಂಡರ್ ಬ್ರಷ್ಷು ಮತ್ತೆ ಕೈಗೆತ್ತಿಕೊಂಡ. ಅಂಟು ಅದರ ತುದಿಯಲ್ಲಿ ಗಟ್ಟಿಯಾಗುತ್ತಿತ್ತು.

“ನಿನ್ನ ಮೇಲೆ ಸಿಟ್ಟಿದೆ,” ಎಂದ ಬೇಕರಿಯವನು ತಿರುಗಿ. “ಅದು ಇರ್ಲಿ. ಅಂಟಿಸು.”

ಬೈಂಡರ್ ಬ್ರಷ್ಷನ್ನು ಮತ್ತೆ ಅಂಟಿನಲ್ಲಿ ಅದ್ದಿ, ಚೀಟಿಯ ಬೆನ್ನಿಗೆ ತೆಳುವಾಗಿ ಸವರಿ, ಮೊದಲ ಹಾಳೆಯ ಮೇಲೆ ಇಟ್ಟು ಬಟ್ಟೆಯಿಂದ ಒತ್ತಿದ. ಮೇಲೊಂದು ಕಾಗದವಿಟ್ಟು, ಪುಸ್ತಕ ಮುಚ್ಚಿ, ಕಬ್ಬಿಣದ ತೂಕ ಹೇರಿದ.

“ಒಣಗೋಕೆ ಎಷ್ಟೊತ್ತು?”

“ಅರ್ಧ ಗಂಟೆ.”

“ಮುಂದಿನ ವಾರ, ಆ ನೂರರಲ್ಲಿ ಒಂದು ತಪ್ಪಿಸಿಕೊಳ್ಳುತ್ತಲ್ಲ, ಅದನ್ನ ಹೇಳೋಣ ಅಂತಿದ್ದೀನಿ. ಸ್ವಲ್ಪ ಹೇಳ್ಲಾ?”

ಬೈಂಡರ್ ಸ್ಟೂಲಿನ ಮೇಲೆ ಕೂತ. ಬೇಕರಿಯವನು ಅಂಗಡಿಯಲ್ಲಿ ಜಾಗವಿದ್ದ ಕಡೆ, ಕಾಗದ ಕತ್ತರಿಸುವ ಮಿಷಿನ್ನಿನ ಮುಂದೆ, ಕೈ ಕಟ್ಟಿ ನಿಂತ.

“ಒಬ್ಬನ ಹತ್ತಿರ ನೂರು ಕು... ಕು...”

ಅವನ ಕುತ್ತಿಗೆಯ ನರ ಬಿಗಿಯಿತು, ಕಣ್ಣು ಮುಚ್ಚಿಕೊಂಡಿತು. ಪದ ಬೈಂಡರನ ನಾಲಿಗೆಯ ತುದಿಯಲ್ಲಿತ್ತು, ಅದರ ಹಿಂದೆ ಉಳಿದ ಪ್ರಸಂಗವೆಲ್ಲ ಸಾಲಾಗಿ ನಿಂತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ಮುಚ್ಚಿ ಕಾದ.