ಕೋಣೆಯ ಗೋಡೆಗೆ ಹನ್ನೊಂದು ಮೀನು

ರುದ್ರೇಶ ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮನೆಗೆ ಬಂದರೆ ಕಣ್ಣಲ್ಲಿ ಹೊಟ್ಟಿನ ಧೂಳು, ಕಿವಿಯಲ್ಲಿ ಯಂತ್ರದ ಸದ್ದು. ಜಳಕ ಮಾಡಿದರೂ ಎರಡೂ ಹೋಗುತ್ತಿರಲಿಲ್ಲ. ಆದರೂ ಆ ಹತ್ತು ದಿನ ಅವನು ಬಂದ ಕೂಡಲೇ ಮಲಗಲಿಲ್ಲ. ಹಿಂದಿನ ಸಣ್ಣ ಕೋಣೆಯಲ್ಲಿ ಕತ್ತರಿ ಹಿಡಿದು ನೆಲದ ಮೇಲೆ ಕೂತುಬಿಡುತ್ತಿದ್ದ.

ಆ ಕೋಣೆ ಮಗಳು ಅಮೃತಾಳಿಗೆಂದು. ಹೆಂಡತಿ ದಾನೇಶ್ವರಿ ಮಗುವನ್ನು ಕರೆದುಕೊಂಡು ಕೊಪ್ಪಳದ ತವರಿಗೆ ಹೋಗಿ ನಾಲ್ಕು ವರ್ಷವಾಗುತ್ತ ಬಂದಿತ್ತು. ಜಗಳ ಎಲ್ಲಿಂದ ಶುರುವಾಯಿತು, ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ವಿವರಿಸುವಷ್ಟು ಉಮೇದು ಈಗ ಅವನಲ್ಲಿ ಉಳಿದಿರಲಿಲ್ಲ. ಕೊನೆಗೂ ಕೋರ್ಟಿನಲ್ಲಿ ಎಲ್ಲ ಮುಗಿದಿತ್ತು. ಮಗಳು ತಾಯಿಯ ಹತ್ತಿರವೇ ಇರಬೇಕು, ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನದಿಂದ ರವಿವಾರ ಸಂಜೆಯವರೆಗೆ ತಂದೆಯ ಮನೆಗೆ ಬರಬೇಕು ಎಂದಾಗಿತ್ತು. ಈಗ ಬರುವುದು ಮೊದಲ ಸಲ. ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ನೋಡಿದ್ದು ಮೂರೇ ಸಲ, ಅದೂ ಕೋರ್ಟಿನ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಅಜ್ಜನ ಪಕ್ಕ ಕೂತಿದ್ದಾಗ.

ಮಕ್ಕಳ ಕೋಣೆಗೆ ಹಚ್ಚುವ ಬಣ್ಣದ ಚಿತ್ರಗಳನ್ನು ಬಜಾರಿನಲ್ಲಿ ವಿಚಾರಿಸಿ, ಬೆಲೆ ಕೇಳಿ ಸುಮ್ಮನೆ ವಾಪಸು ಬಂದಿದ್ದ. ಗಿರಣಿಯಲ್ಲಿ ಅಚ್ಚು ತಪ್ಪಿದ ಅಕ್ಕಿ ಚೀಲಗಳು ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಹಸಿರು, ಕೆಂಪು ಬಣ್ಣ ಒಂದರ ಮೇಲೊಂದು ಸರಿದ ಚೀಲಗಳು. ಕೇಳಿ ನಾಲ್ಕು ತಂದ. ಅವುಗಳಲ್ಲಿ ಮೀನು ಕತ್ತರಿಸಿ, ಅಂಚಿನ ಎಳೆ ಬಿಚ್ಚದಂತೆ ಮೇಣದ ಬತ್ತಿಯಲ್ಲಿ ಸುಟ್ಟುಕೊಂಡ. ಹಳೆಯ ಲಗ್ನಪತ್ರಿಕೆಗಳಿಂದ ಕಣ್ಣು, ರೆಕ್ಕೆ. ಬಾಡಿಗೆ ಮನೆಯ ಒಡತಿ ಹಸನಬೀ ಮುಂದಿನ ಭಾಗದಲ್ಲಿದ್ದು ಹೆಂಗಸರ ಜಂಪರ್ ಹೊಲಿಯುತ್ತಿದ್ದರು. ಅವರು ಉಳಿದ ಅರಿವೆ ತುಣುಕುಗಳನ್ನು ಒಂದು ಬುಟ್ಟಿಯಲ್ಲಿ ಕೊಟ್ಟರು, ಮೈದಾ ಅಂಟು ಕಾಸುವುದನ್ನೂ ತೋರಿಸಿದರು.

"ತಮ್ಮಾ, ಮೊದಲ ಸ್ವಲ್ಪ ನಿದ್ದಿ ಮಾಡಬಾರದ?" ಎಂದರು ಒಂದು ದಿನ. "ಕಣ್ಣು ಹೆಂಗ ಕೆಂಪಾಗ್ಯಾವ ನೋಡು."

"ಶನಿವಾರ ಬರ್ತಾಳ್ರಿ ಅಮ್ಮಾ. ಇನ್ನೂ ನಾಕು ಮೀನು ಆಗಬೇಕು."

"ಮೀನ ಯಾಕ? ಹೂವಾಗಿದ್ರ ಸಸಾರ ಆಗ್ತಿತ್ತು."

"ಆಕಿಗೆ ಮೀನಂದ್ರ ಜೀವರಿ. ಕಾಲುವಿ ಕಡೆ ಕರಕೊಂಡು ಹೋದ್ರ ಮನಿಗೆ ಬರಾಕ ಒಲ್ಲೆ ಅಂತಿದ್ಲು."

ಶುಕ್ರವಾರ ಬೆಳಿಗ್ಗೆ ರುದ್ರೇಶ ಹನ್ನೊಂದು ಮೀನುಗಳನ್ನು ಮಂಚದ ಎದುರಿನ ಗೋಡೆಗೆ ಸಾಲಾಗಿ ಹಚ್ಚಿದ. ಹಚ್ಚಿ ಮುಗಿಸಿ ಹಣೆಯನ್ನು ಗೋಡೆಗೆ ಆನಿಸಿ ಹಾಗೇ ಸ್ವಲ್ಪ ಹೊತ್ತು ಕೂತಿದ್ದ. ವಾರದ ರಜೆ ಶನಿವಾರ ರಾತ್ರಿಯದು; ಆ ರಾತ್ರಿ ಮತ್ತೆ ಪಾಳಿಗೆ ಹೋದ.

ಶನಿವಾರ ಒಂದೂವರೆಗೆ ಮಾವ ಕರಿಬಸಪ್ಪ ಮೊಮ್ಮಗಳನ್ನು ಕರೆದುಕೊಂಡು ಬಂದ. ಹೊಸ್ತಿಲು ದಾಟಲಿಲ್ಲ, ಕೊಟ್ಟ ನೀರನ್ನು ನಿಂತೇ ಕುಡಿದ.

"ನಾಳಿ ನಾಕು ಗಂಟಿಗೆ ಬಸ್ ಸ್ಟ್ಯಾಂಡಿನ್ಯಾಗ ಇರ್ತೀನಿ. ಕರಕೊಂಡು ಬಾ" ಎಂದಷ್ಟೇ ಹೇಳಿ ಹೊರಟ.

ಅಮೃತಾ ಚೀಲವನ್ನು ಎದೆಗವಚಿಕೊಂಡೇ ಕೋಣೆಗೆ ಬಂದಳು. ಗೋಡೆಯ ಮುಂದೆ ನಿಂತಳು. ಮೀನುಗಳು ಅವಳ ಹೊಟ್ಟೆಯ ಮಟ್ಟಕ್ಕಿದ್ದವು. ನೋಡಲು ಅವಳು ಬಗ್ಗಬೇಕಾಯಿತು.

"ಯಾರರೆ ಸಣ್ಣ ಹುಡುಗರು ಅದಾರೇನ್ರಿ ಇಲ್ಲೆ?" ಎಂದು ಕೇಳಿದಳು.

"ಇಲ್ಲವ್ವಾ. ನಿನಗ ಅಂತನ ಮಾಡೀನಿ."

"ಮತ್ತ ಇಷ್ಟು ಕೆಳಗ ಹಚ್ಚೀರಿ?"

ರುದ್ರೇಶ ತನ್ನ ಸೊಂಟದ ಹತ್ತಿರ ಕೈ ಹಿಡಿದು ತೋರಿಸಿದ. "ನೀ ಇಷ್ಟ ಇದ್ದಿ."

"ಅದು ಅಂಗನವಾಡಿಗೆ ಹೋಗೋ ಮುಂದ. ಈಗ ನಾ ಮೂರನೇ ಕ್ಲಾಸ್."

ಅವಳು ಬೆಳೆದಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ ಎಂದೇನಲ್ಲ. ಆದರೆ ಅಂಟು ಸವರುವಾಗ ಕೈ ಹಳೆಯ ಅಳತೆಯನ್ನೇ ಹಿಡಿದಿತ್ತು. ಮಗಳು ತನ್ನನ್ನು ಊರ ಹಿರಿಯರನ್ನು ಮಾತಾಡಿಸಿದಂತೆ 'ರಿ' ಹಚ್ಚಿ ಮಾತಾಡಿಸಿದ್ದು ಇನ್ನೂ ಕಿವಿಯಲ್ಲಿತ್ತು.

"ಕಿತ್ತು ಮ್ಯಾಲೆ ಹಚ್ಚೂಣು ತಗೊ" ಎಂದು ಒಂದು ಮೀನಿನ ಬಾಲ ಹಿಡಿದು ಎಳೆದ. ಮೀನಿನ ಜೊತೆ ಸುಣ್ಣವೂ ಗಾರೆಯೂ ಎದ್ದು ಬಂದವು. ಎರಡನೆಯದನ್ನು ನೀರು ಹಚ್ಚಿ ನೆನೆಸಿ ಎಳೆದ, ಅದೂ ಹಾಗೇ. ಹನ್ನೊಂದೂ ಬಿಚ್ಚುವ ಹೊತ್ತಿಗೆ ಮೀನುಗಳ ಬೆನ್ನಿಗೆಲ್ಲ ಗಾರೆ ಕಚ್ಚಿಕೊಂಡಿತ್ತು, ಗೋಡೆಯಲ್ಲಿ ಹನ್ನೊಂದು ಬೂದು ಮಚ್ಚೆಗಳು.

"ಇರ್ಲಿ ಬಿಡ್ರಿ" ಎಂದಳು ಅಮೃತಾ. "ಮೀನು ನನಗೇನು ಅಷ್ಟು ಸೇರಂಗಿಲ್ಲ."

ಅವನು ಮಂಚದ ತುದಿಗೆ ಕೂತ. ಒಂದು ನಿಮಿಷ ಕೂತು, ಏಳುತ್ತೇನೆ ಅಂದುಕೊಂಡ. ಮೂರು ದಿನಗಳಿಂದ ಸರಿಯಾಗಿ ಮಲಗಿರಲಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಹೋಗಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ನೋಡಿದ. ಬರಿಗಾಲಲ್ಲೇ ಬೀದಿಗೆ ಓಡಿದವನನ್ನು ಹಸನಬೀ ಒಳಗಿನಿಂದ ಕೂಗಿದರು. ಅಮೃತಾ ಹೊಲಿಗೆ ಯಂತ್ರದ ಪಕ್ಕ ಕೂತು ಜಂಪರಿನ ಗುಂಡಿ ಕಾಜಾದ ದಾರ ಬಿಡಿಸುತ್ತಿದ್ದಳು. ಮುಂದೆ ಖಾಲಿ ತಾಟು ಇತ್ತು.

"ಎಬ್ಬಿಸಬೇಕಿಲ್ಲೇನವಾ?" ಎಂದ, ಉಸಿರು ಸಿಗದೆ.

"ಎಬ್ಬಿಸಿದ್ನಿ. ಎರಡು ಸಲ. ಏಳಲಿಲ್ಲ" ಎಂದಳು ಮಗಳು.

"ಹಸದಿತ್ತು ಹುಡುಗಿ. ರೊಟ್ಟಿ ತಿಂದಾಳ" ಎಂದರು ಹಸನಬೀ. ಅವರ ದನಿಯಲ್ಲಿ ಬೈಗುಳ ಇರಲಿಲ್ಲ. ಬೈದಿದ್ದರೇ ಹಗುರಾಗುತ್ತಿತ್ತು. ಅವನಿಗೆಂದು ಸಿಕ್ಕ ಒಂದು ದಿನದಲ್ಲಿ ಅರ್ಧವನ್ನು ಅವನು ನಿದ್ದೆಯಲ್ಲಿ ಕಳೆದಿದ್ದ. ಊಟವನ್ನೂ ಬೇರೆಯವರು ಹಾಕಿದ್ದರು. ಹೊಸ್ತಿಲ ಮೇಲೆ ಕೂತು, ಮುಖ ಒರೆಸಿಕೊಂಡ.

"ನೀವು ಗಿರಣ್ಯಾಗ ಏನ್ ಕೆಲಸ ಮಾಡ್ತೀರಿ?" ಎಂದು ಅಮೃತಾ ಕೇಳಿದಳು.

ಅವನು ಹೇಳಿದ. ಹೊಟ್ಟು ಸುರಿದು ಉರಿ ಹಾಕುವುದು, ಉಗಿಯ ಒತ್ತಡ ತೋರಿಸುವ ಮುಳ್ಳು ಎಲ್ಲಿರಬೇಕು, ಎಲ್ಲಿಗೆ ಹೋದರೆ ಓಡಿ ಹೋಗಿ ಇಳಿಸಬೇಕು. ಅವಳು ಕೈಯ ಕೆಲಸ ಬಿಟ್ಟು ಕೇಳಿದಳು. ಅವನಿಗೂ ಕೇಳುವ ಧೈರ್ಯ ಬಂತು. ಶಾಲೆಯಲ್ಲಿ ಅವಳು ಖೋ ಖೋ ಆಡುತ್ತಾಳೆ, ಓಡುವುದರಲ್ಲಿ ಮುಂದು, ಈ ಸಲ ಕುಷ್ಟಗಿಗೂ ಆಡಲು ಹೋಗಿ ಬಂದಿದ್ದಾಳೆ ಎಂದು ಗೊತ್ತಾಯಿತು. ಇದ್ಯಾವುದೂ ಅವನಿಗೆ ತಿಳಿದಿರಲಿಲ್ಲ.

ರವಿವಾರ ಬೆಳಿಗ್ಗೆ ಅವನು ಚಹಾ ಸೋಸುವಾಗ ಅವಳು ಕೋಣೆಯಿಂದ ಕರೆದಳು.

"ಇವು ಕುಂತಂಗ ಕಾಣ್ತಾವ" ಎಂದು ಗೋಡೆಯ ಮಚ್ಚೆಗಳನ್ನು ತೋರಿಸಿದಳು. "ಖೋ ಖೋದಾಗ ಎಂಟು ಮಂದಿ ಸಾಲಾಗಿ ಕುಂತಿರ್ತಾರ. ಒಬ್ಬಾಕಿ ಬೆನ್ನು ಹತ್ತಾಕಿ. ಓಡೋರು ಮೂರು ಮಂದಿ, ಒಬ್ಬಾಕಿ ಔಟಾಗ್ಯಾಳ. ಉಳಿದ ಎರಡು ಓಡಾಕತ್ತಾವ. ಬರೋಬ್ಬರಿ ಆತು."

ಇಬ್ಬರೂ ಸೇರಿ ಅರಿವೆ ಬುಟ್ಟಿ ತಂದರು. ಒಂದೊಂದು ಮಚ್ಚೆಯ ಸುತ್ತ ಅವಳು ಪೆನ್ಸಿಲಿನಲ್ಲಿ ತಲೆ, ಕಾಲು ಬರೆದಳು. ಅವನು ತುಣುಕುಗಳನ್ನು ಅಂಗಿಯ ಆಕಾರಕ್ಕೆ ಕತ್ತರಿಸಿ ಕೊಟ್ಟ. ಅವನ ಕೈ ಇನ್ನೂ ಜಡವಾಗಿತ್ತು, ಎರಡು ಅಂಗಿ ಸೊಟ್ಟಗಾದವು.

"ಈಕಿ ಯಾರು?" ಎಂದು ಕೇಳಿದ.

"ತಾಹೇರಾ. ಭಾಳ ಜೋರ ಓಡ್ತಾಳ. ಈಕಿಗೆ ಕೆಂಪ ಅಂಗಿ ಬೇಕು."

"ಈಕಿ?"

"ಇದು ನಾನು. ಬ್ಯಾಡ, ನಂದು ಈಗ ಬ್ಯಾಡ. ಮೊದಲ ಕುಂತಾರದು ಆಗ್ಲಿ."

ಮೂರೂವರೆ ಹೊತ್ತಿಗೆ ನಾಲ್ವರಿಗೆ ಮಾತ್ರ ಅಂಗಿ ಹಚ್ಚಿ ಆಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಜ್ಜನ ಕೈ ಹಿಡಿದು ಅವಳು ಬಸ್ಸು ಹತ್ತಿ ಕೂತಳು. ಕಿಟಕಿಯಿಂದ ಕೈ ಬೀಸಲಿಲ್ಲ, ಆದರೆ ಬಸ್ಸು ತಿರುಗುವತನಕ ನೋಡಿದಳು. ರುದ್ರೇಶ ರಾತ್ರಿ ಮತ್ತೆ ಪಾಳಿಗೆ ಹೋದ.

ಮರುದಿನವೇ ಅವನು ಗಿರಣಿಯ ಮೇಲ್ವಿಚಾರಕ ಮಲ್ಲೇಶನನ್ನು ಕಂಡ. ತಿಂಗಳಲ್ಲಿ ಒಂದು ಶುಕ್ರವಾರ ರಾತ್ರಿ ಪಾಳಿ ಬೇಡ ಎಂದ.

"ಪಗಾರ ಹಿಡೀತಾರ ನೋಡು."

"ಹಿಡೀಲಿ."

ಮುಂದಿನ ತಿಂಗಳು ಅವನು ಆ ಶುಕ್ರವಾರ ರಾತ್ರಿ ಮನೆಯಲ್ಲೇ ಮಲಗಿ, ಶನಿವಾರ ಬೆಳಿಗ್ಗೆ ಎದ್ದು, ಅಜ್ಜನಿಗೆ ಅಷ್ಟು ದೂರ ಬರುವ ತ್ರಾಸು ಬೇಡವೆಂದು ಫೋನು ಮಾಡಿ, ತಾನೇ ಕೊಪ್ಪಳದ ಬಸ್ಸು ಹತ್ತಿದ. ಬಾಗಿಲು ತೆರೆದವಳು ದಾನೇಶ್ವರಿ. ಅವಳೂ ದಣಿದಿದ್ದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಳು. ಕೋರ್ಟು ಮುಗಿದ ಮೇಲೆ ಇಬ್ಬರೂ ಎದುರುಬದುರಾದದ್ದು ಅದೇ ಮೊದಲು.

"ಸಾಲಿಯಿಂದ ಇನ್ನೂ ಬಂದಿಲ್ಲ" ಎಂದಳು. "ಕುಂದರ್ರಿ."

ಅವನು ಕಟ್ಟೆಯ ಮೇಲೆ ಕೂತ. ಅವಳು ಚಹಾ ತಂದಿಟ್ಟು ಒಳಗೆ ಹೋದಳು, ಮತ್ತೆ ಬಾಗಿಲಿಗೆ ಬಂದಳು.

"ಮಧ್ಯಾಹ್ನ ಆಕಿಗೆ ಲಗೂ ಹಸಿವಾಗ್ತದ. ಒಂದು ಗಂಟಿ ಮೀರಿಸಬ್ಯಾಡ್ರಿ."

"ಆಗ್ಲಿ."

"ಸಾರು ಖಾರ ಆದ್ರ ಉಣ್ಣಂಗಿಲ್ಲ."

"ಗೊತ್ತಿದ್ದಿಲ್ಲ" ಎಂದ ರುದ್ರೇಶ. "ಮತ್ತೇನರೆ ಇದ್ರ ಹೇಳು."

ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಸ್ವಲ್ಪ ಯೋಚಿಸಿ, ಒಂದೊಂದಾಗಿ ಹೇಳತೊಡಗಿದಳು. ಅವನು ಚಹಾ ಕುಡಿಯುವುದನ್ನು ಬಿಟ್ಟು ಕೇಳಿದ.