ಹೊಸ ಶಿವದಾರ

"ಈಗ್ಲೇ ನುಂಗಬ್ಯಾಡಪ್ಪ. ಬಾಯಾಗೆ ಒಂದೀಟು ತಿರುಗ್ಸು," ಎಂದಳು ಕೃತಿಕಾ.

ದೋಸೆಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಬಕ್ಕೇಶ್ ಕಣ್ಣು ಮುಚ್ಚಿ ತಿರುಗಿಸಿದ. ಇಟಲಿಯ ಬಿಳಿ ವೈನು. ಹನ್ನೆರಡು ವರ್ಷ ಬಾಟಲಿಯಲ್ಲೇ ಮಾಗಿ ಹೊಂಬಣ್ಣಕ್ಕೆ ಬಂದಿತ್ತು. ಇದಕ್ಕೆ ಬೆಣ್ಣೆದೋಸೆ ಹೊಂದುತ್ತದೆ ಎಂದು ಮಗಳು ತಾನು ಕೆಲಸ ಮಾಡುವ ಗೋವಾದ ಹೋಟೆಲಿನಲ್ಲಿ ಹೇಳಿ ನಗೆಪಾಟಲಾಗಿದ್ದಳು. ಮೀಸೆ ಮೂಡಿದಾಗಿನಿಂದ ದಾವಣಗೆರೆಯಲ್ಲಿ ದೋಸೆ ಹುಯ್ದ ಅಪ್ಪನ ನಾಲಿಗೆಯೇ ತೀರ್ಮಾನ ಹೇಳಲಿ ಎಂಬುದು ಅವಳ ಹಟ.

ಬಕ್ಕೇಶನ ತಾಯಿ ನಿರ್ಮಲಮ್ಮ ತೊಟ್ಟಿಲ ಶಾಸ್ತ್ರಕ್ಕೆಂದು ಹರಿಹರಕ್ಕೆ ಹೋಗಿದ್ದರು. ಅವನು ಕೊರಳ ಲಿಂಗವನ್ನು ತೆಗೆದು ದೇವರಮನೆಯ ಗೂಡಿನಲ್ಲಿಟ್ಟು, ಬಾಗಿಲೆಳೆದುಕೊಂಡು ಬಂದು ಕೂತಿದ್ದ. ಒಂದೇ ಗುಟುಕು, ಅಂದುಕೊಂಡಿದ್ದ.

"ಹೆಂಗೈತೆ?"

"ಹಳೇ ಜೇನು ಇದ್ದಂಗೈತೆ. ಕೊನೀಗೆ ಅಕ್ರೋಟಿನ ಒಗರು. ಚಟ್ನಿ ಬ್ಯಾಡವ್ವ, ಖಾರ ಇದನ್ನ ಕೊಂದುಬಿಡ್ತೈತೆ. ಬರೇ ದೋಸೆ, ಬೆಣ್ಣೆ, ಪಲ್ಯ."

"ಗೆದ್ದೆ! ಇನ್ನು ನಗಲಿ ನೋಡಾಣ ಅವ್ರು."

ಅವನೇ ಲೋಟ ಮುಂದೆ ಚಾಚಿದ. ಚಾಚಿದ ತನ್ನ ಕೈಯನ್ನು ನೋಡಿ ಅವನಿಗೇ ಕಸಿವಿಸಿಯಾಯಿತು. ಆದರೂ ಕುಡಿದ.

ಗೇಟು ಕಿರುಗುಟ್ಟಿತು. ಕೃತಿಕಾ ಬಾಟಲಿ, ಲೋಟ ಬಾಚಿಕೊಂಡು ಅಡುಗೆಮನೆಗೆ ಓಡಿದಳು.

"ಯಪ್ಪಾ, ಏನು ಸೆಕಿ! ಉಂಡವಳೇ ಬಸ್ಸು ಹತ್ತಿದೆ," ಎನ್ನುತ್ತ ಒಳಗೆ ಬಂದ ನಿರ್ಮಲಮ್ಮ ಮಗನ ಕೊರಳು ನೋಡಿ ನಿಂತರು. "ಲಿಂಗ ಎಲ್ಲಪ್ಪಾ?"

"ದಾರ... ಹರೀತವ್ವ. ಒಳಗಿಟ್ಟೀನಿ."

ನಿರ್ಮಲಮ್ಮ ಅರ್ಧ ತಿಂದ ದೋಸೆಯನ್ನೂ ನೋಡಿದರು. ಮೈಮೇಲೆ ಲಿಂಗವಿಲ್ಲದೆ ತುತ್ತೆತ್ತುವ ಮನೆಯಲ್ಲ ಅದು. "ಹಸಿವಾಗಿರಬೇಕು. ಶಿವ ಏನೂ ಅನ್ಕಣಂಗಿಲ್ಲ ಬಿಡು," ಎಂದರು.

ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಬಕ್ಕೇಶನಿಗೆ.

ಆಕೆ ಕಾಲು ತೊಳೆದು ಬಂದು, ಲಿಂಗಕ್ಕೆ ಹೊಸ ಶಿವದಾರ ಮಾಡಲು ಬಿಳಿ ನೂಲಿನ ಉಂಡೆ ಹುಡುಕಿ ತೆಗೆದು ನೆಲದ ಮೇಲೆ ಕೂತರು. ಬಾಯಲ್ಲಿ ಶಿವಶಿವ ಎನ್ನುತ್ತಲೇ ತೊಡೆಯ ಮೇಲೆ ಎಳೆ ಹೊಸೆದರು.

"ನಾನೇ ಅಂಗಡ್ಯಾಗೆ ತರ್ತಿದ್ದೆ..."

"ನಾನಿರಾಗಂಟ ಅಂಗಡಿದ್ಯಾಕ? ಬಾ ಇಲ್ಲಿ, ಅಳತಿ ನೋಡಾಣ."

ಅವನು ಎದುರಿಗೆ ಮಂಡಿಯೂರಿದ. ಅವ್ವನ ಮುಖ ಒಂದು ಗೇಣು ದೂರದಲ್ಲಿತ್ತು. ತುಟಿ ಬಿಗಿದು ಉಸಿರು ಹಿಡಿದ. ದಾರ ಕೊರಳನ್ನು ಬಳಸಿ ಎದೆಗಿಳಿಯಿತು.

"ಉಸುರು ಬಿಡಪ್ಪ. ಹಿಂಗೆ ಎದಿ ಉಬ್ಬಿಸಿದ್ರೆ ಅಳತಿ ಹೆಂಗೆ ಸಿಗ್ತೈತೆ?"

ಅವನು ಮುಖವನ್ನು ಗೋಡೆಯತ್ತ ತಿರುಗಿಸಿದ. ನಿರ್ಮಲಮ್ಮ ಗಲ್ಲ ಹಿಡಿದು, ಮೆಲ್ಲಗೆ, ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.