ಎರಡು ಬಾಲಕ್ಕೆ ಇಬ್ಬರು

ಸಾಬೂನು ಕಾರ್ಖಾನೆಯಲ್ಲಿ ತೂಕ ಪರೀಕ್ಷೆ ಮಾಡುವುದು ತಂಗಿ. ಅಚ್ಚಿನ ಯಂತ್ರ ನಡೆಸುವವನು ಅವಳ ಸ್ವಂತ ಅಣ್ಣ. ಸಾಬೂನಿನ ಸರಾಸರಿ ತೂಕ ನೂರು ಗ್ರಾಮಿಗಿಂತ ಕಡಿಮೆಯಾದರೂ ತಪ್ಪು, ಹೆಚ್ಚಾದರೂ ತಪ್ಪು; ಪಿ ವ್ಯಾಲ್ಯೂ 0.05ಕ್ಕಿಂತ ಇಳಿದರೆ ಯಂತ್ರದವನು ಮನೆಗೆ. ಇದು ಮ್ಯಾನೇಜರ್ ಸಾಹೇಬರು ತಾವೇ ಬರೆದು ಗೋಡೆಗೆ ಅಂಟಿಸಿದ್ದ ನಿಯಮ. ಪಿ ವ್ಯಾಲ್ಯೂ ಎಂದರೆ ಯಂತ್ರ ನೆಟ್ಟಗಿದ್ದೂ ಬರೀ ಗ್ರಹಚಾರದಿಂದ ತೂಕ ಇಷ್ಟು ದೂರ, ಅಥವಾ ಇನ್ನೂ ದೂರ, ಹೋಗುವ ಸಾಧ್ಯತೆ.

ಒಂದು ಬೆಳಿಗ್ಗೆ ಅವಳು ಇಪ್ಪತ್ತೈದು ಸಾಬೂನು ತೂಗಿದಳು. ಸರಾಸರಿ 98.12. ಯಂತ್ರದ ಎಂದಿನ ಏರುಪೇರು ಐದು ಗ್ರಾಮು. ಲೆಕ್ಕ ಹಾಕಿದರೆ ಜೆಡ್, ಅಂದರೆ ಸರಾಸರಿ ನೂರರಿಂದ ಎಷ್ಟು ಸರಿದಿದೆ ಎಂಬ ಅಳತೆ, ಮೈನಸ್ 1.88; ಕೋಷ್ಟಕದಲ್ಲಿ ಅದರೆದುರು 0.03. ಅಣ್ಣನ ಕೆಲಸ ಹೋಯಿತೆಂದು ಅವಳಿಗೆ ಜೀವ ಬಾಯಿಗೆ ಬಂತು. ಆಮೇಲೆ ಹೊಳೆಯಿತು: ಇದು ಕಡಿಮೆಯ ಕಡೆಯ ಬಾಲ ಮಾತ್ರ; ಗಂಟೆಯಾಕಾರದ ನಕ್ಷೆ ಎರಡೂ ಕಡೆ ಸಣ್ಣಗಾಗುತ್ತ ಹೋಗುವ ತುದಿಗೆ ಲೆಕ್ಕದವರು ಬಾಲ ಎನ್ನುತ್ತಾರೆ. ನಿಯಮ ಎರಡೂ ಕಡೆಯದು, ಎರಡರಿಂದ ಗುಣಿಸಬೇಕು. 0.06. ಬದುಕಿದೆಯಾ ಬಡಜೀವವೇ ಎಂದುಕೊಂಡಳು.

ಸಾಹೇಬರು ಒಪ್ಪಬೇಕಲ್ಲ. ತೂಕ ಬಿದ್ದಿರುವಾಗ ಹೆಚ್ಚಿನ ಕಡೆಯ ಬಾಲ ಎಲ್ಲಿಂದ ಬಂತು, ತೋರಿಸು ಎಂದರು. ಅದು ಕಣ್ಣಿಗೆ ಕಾಣುವಂಥದ್ದಲ್ಲ ಎಂದರೂ ಬಿಡದೆ ಮೇಜಿನ ಕೆಳಗೆ ಬಗ್ಗಿ ನೋಡಿದರು. ಅವರದೇ ನಿಯಮವನ್ನು ಗೋಡೆಯ ಮೇಲೆ ತೋರಿಸಿದಾಗ ಅರ್ಧ ಗಂಟೆ ತಲೆ ಕೆರೆದುಕೊಂಡು ತೀರ್ಪು ಕೊಟ್ಟರು.

"ಒಂದು ಬಾಲ ನಿನ್ನ ಅಣ್ಣಂದು. ಇನ್ನೊಂದನ್ನ ತಂದೋಳು ನೀನು. ಇಬ್ರೂ ಜೊತೆಗಿದ್ರೆ ನೂರಕ್ಕೆ ಆರು, ಕೆಲಸ ಉಳಿಯತ್ತೆ. ಒಬ್ರು ಅತ್ತಿತ್ತ ಹೋದ್ರೂ ಮೂರೇ. ಆಗ ಇಬ್ರೂ ಮನೆಗೆ."

ಮರುದಿನದಿಂದ ಯಂತ್ರದ ಎಡಕ್ಕೆ ಅಣ್ಣ, ಬಲಕ್ಕೆ ತಂಗಿ. ಅಣ್ಣ ನೀರು ಕುಡಿಯಲು ಹೋದರೆ ಬಾಯಾರಿಕೆ ಇರಲಿ ಬಿಡಲಿ, ಅವಳೂ ಹೋಗಬೇಕು. ಅವನು ಸೀನಿದರೆ ಇವಳ ಎದೆ ಧಸಕ್ಕೆನ್ನುತ್ತಿತ್ತು. ಜ್ವರ ಬಂದು ರಜ ಹಾಕಿದನೆಂದರೆ ಎರಡು ಮನೆಯ ಒಲೆ ಆರಿದಂತೆ.

ನಾಲ್ಕನೆಯ ದಿನ ಅಣ್ಣ ಯಂತ್ರದ ಮೇಲಿಂದ ಕತ್ತು ಚಾಚಿದ. "ನೀನು ಎರಡರಿಂದ ಗುಣಿಸದೆ ಇದ್ದಿದ್ರೆ ನಾನೀಗ ಮನೇಲಿ ಆರಾಮಾಗಿ ಮಲಗಿರ್ತಿದ್ದೆ ಕಣೇ."

ತಂಗಿಗೆ ಮೈಯೆಲ್ಲ ಉರಿಯಿತು. ಉಪಕಾರ ಮಾಡಿದ್ದಕ್ಕೆ ಇದೇನಾ ಬಹುಮಾನ ಎನಿಸಿ ಕಣ್ಣಲ್ಲಿ ನೀರೂ ಬಂತು. ಏನಾದರಾಗಲಿ ಎಂದು ಬಾಗಿಲ ಕಡೆ ಹೊರಟೇಬಿಟ್ಟಳು. ಮೂರು ಹೆಜ್ಜೆ ಇಟ್ಟಿರಲಿಲ್ಲ, ಅಣ್ಣ ಯಂತ್ರ ನಿಲ್ಲಿಸಿ ಓಡಿಬಂದು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ಎಲ್ಲಿಗೆ ಹೋಗ್ತೀಯ ಎಂದು ಕೇಳುವಷ್ಟರಲ್ಲಿ ಅವನಿಗೆ ಅಳುವೇ ಬಂದಿತ್ತು.